ಶಾಲೆಯ ಹಳೇ ಸ್ಪಾಟಿಂಗ್ ಸ್ಕೋಪಿಗೆ ಬೂಷ್ಟು ಹಿಡಿದಿದೆ, ಮನೇಲೇ ಬಿಚ್ಚಿ ಒರೆಸಬಹುದಾ?

ಶಿರಾ ಮೇಷ್ಟ್ರು · ನವೆಂಬರ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ನನಗಿಂತ ಮುಂಚೆ ಇಲ್ಲಿದ್ದ ಮೇಷ್ಟ್ರು ನಿವೃತ್ತಿಯ ದಿನ ತಮ್ಮ ಸ್ವಂತದ ಸ್ಪಾಟಿಂಗ್ ಸ್ಕೋಪನ್ನ (ದೂರದ ಹಕ್ಕಿ ನೋಡೋ ಒಂಟಿಕಣ್ಣಿನ ದುರ್ಬೀನು) ಶಾಲೆಗೆ ಕೊಟ್ಟು ಹೋದರು. 20–60×60, ಅಂದರೆ 20ರಿಂದ 60 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಲೆನ್ಸು 60 ಮಿಲಿಮೀಟರ್ ಅಗಲ. ತಳದಲ್ಲಿ ಜಪಾನ್ ಅಂತ ಕೆತ್ತಿದೆ, ಚರ್ಮದ ಪೆಟ್ಟಿಗೆ ಸಮೇತ. ಅವರು ಪ್ರತಿ ವರ್ಷ ಮಕ್ಕಳನ್ನ ಕಗ್ಗಲಡುವಿಗೆ ಕರ್ಕೊಂಡು ಹೋಗಿ ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆ ಗೂಡು ತೋರಿಸ್ತಿದ್ದರಂತೆ. ಅವರು ಹೋದ ಮೇಲೆ ಅದು ಲ್ಯಾಬಿನ ಬೀರುವಿನಲ್ಲಿ, ಆಸಿಡ್ ಬಾಟಲಿಗಳ ಪಕ್ಕದಲ್ಲೇ, ಐದು ಮಳೆಗಾಲ ಕೂತಿದೆ. ಆ ಬೀರುವಿನ ಬೀಗದ ಕೈ ನನಗೆ ಸಿಕ್ಕಿದ್ದೇ ಈ ದಸರಾ ರಜೆ ಮುಗಿದ ಮೇಲೆ.

ಈಗಿನ ಸ್ಥಿತಿ ಹೀಗಿದೆ. ಕಣ್ಣಿಟ್ಟು ನೋಡಿದರೆ ಎಲ್ಲವೂ ಹಾಲು ಬೆರೆಸಿದ ನೀರಿನಲ್ಲಿ ಮುಳುಗಿದ ಹಾಗೆ. 20ರಲ್ಲಿ ಎದುರಿನ ಗುಡಿಯ ಕಳಸ ಗುರುತು ಸಿಗುತ್ತೆ, 60ಕ್ಕೆ ತಿರುಗಿಸಿದರೆ ಏನೂ ಇಲ್ಲ. ನೋಟದ ನಡುವೆ ಕೂದಲೆಳೆ ಥರದ ಗೆರೆಗಳು, ಒಂದೆರಡು ಕಪ್ಪು ಚುಕ್ಕಿ. ಮೇಲಿನ ಫೋಕಸ್ ಗುಂಡಿ ಬಿಗಿಯಾಗಿದೆ, ಎರಡು ಬೆರಳಲ್ಲಿ ತಿರುಗಲ್ಲ. ಮುಂದಿನ ದೊಡ್ಡ ಲೆನ್ಸಿನ ಮೇಲೆ ಯಾರದೋ ಹೆಬ್ಬೆರಳಿನ ಅಚ್ಚು ಒಣಗಿ ಕೂತಿದೆ.

ಫೆಬ್ರವರಿ ಹೊತ್ತಿಗೆ ಕೊಕ್ಕರೆಗಳು ಗೂಡು ಕಟ್ಟೋಕೆ ಬಂದಿರುತ್ತವೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಷ್ಟರೊಳಗೆ ತೋರಿಸಬೇಕು ಅಂತ ಆಸೆ. ಹೊಸದು ಕೊಳ್ಳುವ ದುಡ್ಡು ಶಾಲೆಯಲ್ಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೀನಿ, ಆದರೆ ಕೈ ಹಾಕೋಕೆ ಧೈರ್ಯ ಬರ್ತಿಲ್ಲ. ಎಲ್ಲಿಂದ ಶುರು ಮಾಡಲಿ?


ಮಧುಗಿರಿ ಪಿಕಳಾರ · ನವೆಂಬರ್ 9, ರಾತ್ರಿ 10.15

ಸಾರ್, ದಯವಿಟ್ಟು ಆ ಸ್ಕ್ರೂಡ್ರೈವರ್ ಕೆಳಗಿಡಿ. ಇವತ್ತು ಏನೂ ಬಿಚ್ಚಬೇಡಿ.

ನನ್ನ ಅನುಭವ ಹೇಳ್ತೀನಿ. ಮೈದನಹಳ್ಳಿಯ ಕೃಷ್ಣಮೃಗ ನೋಡೋಕೆ ಅಂತ ಒಂದು ಹಳೇ ಸ್ಕೋಪ್ ತಗೊಂಡಿದ್ದೆ. ಒಳಗೆ ಒಂಚೂರು ಧೂಳಿತ್ತು, ಅಷ್ಟೇ. ದೊಡ್ಡ ಊರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಹದಿನೈದು ದಿನ ಬಿಟ್ಟು ವಾಪಸ್ ಕೊಟ್ಟರು. ಧೂಳೇನೋ ಹೋಗಿತ್ತು, ಜತೆಗೆ ಲೆನ್ಸಿನ ಮೇಲಿನ ನೀಲಿ ಹೊಳಪೂ ಹೋಗಿತ್ತು. ಒಳಗೆ ಬೆಳಕು ತಿರುಗಿಸೋ ಗಾಜಿನ ತುಂಡು, ಪ್ರಿಸಂ, ಅದರ ಒಂದು ಮೂಲೆ ಚಕ್ಕೆ ಎದ್ದಿತ್ತು. ಕೇಳಿದರೆ ಮೊದಲೇ ಹಾಗಿತ್ತು ಅಂದರು. ನಾನು ಮೊದಲು ಫೋಟೋ ತೆಗೆದಿಟ್ಟಿರಲಿಲ್ಲ, ವಾದ ಮಾಡೋಕೆ ಕೈಯಲ್ಲಿ ಏನೂ ಇರಲಿಲ್ಲ. ನೀವು ಒಂದೊಂದು ಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೀರಿ. ವಾಪಸ್ ಜೋಡಿಸುವಾಗ ಅದೇ ದಾರಿ ತೋರಿಸುತ್ತೆ.


ಲ್ಯಾಬಿನಾಕೆ · ನವೆಂಬರ್ 10, ಬೆಳಿಗ್ಗೆ 6.50

ಮೇಷ್ಟ್ರೇ, ತುಮಕೂರಿನ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಸ್ಪೆಕ್ಟ್ರೋಮೀಟರ್, ಮೈಕ್ರೋಸ್ಕೋಪ್, ಪ್ರಿಸಂ ಎಲ್ಲ ನನ್ನ ಕೈಯಲ್ಲೇ ಓಡಾಡುವ ವಸ್ತುಗಳು. ಕೊಳೆ ಯಾವ ಗಾಜಿನ ಯಾವ ಮುಖದ ಮೇಲಿದೆ ಅನ್ನುವುದನ್ನು ಮೊದಲು ಪತ್ತೆ ಹಚ್ಚಿ. ಅದಕ್ಕೆ ಬಿಚ್ಚಬೇಕಾಗಿಲ್ಲ.

ಸ್ಕೋಪನ್ನು ಬಿಳಿ ಆಕಾಶದ ಕಡೆ ತಿರುಗಿಸಿ (ಸೂರ್ಯ ಬೆನ್ನ ಹಿಂದಿರಲಿ), ಕಣ್ಣಿಟ್ಟು ನೋಡುತ್ತಲೇ ಐಪೀಸನ್ನು (ಕಣ್ಣಿಡುವ ತುದಿಯ ಲೆನ್ಸಿನ ಭಾಗ) ಮೆಲ್ಲಗೆ ತಿರುಗಿಸಿ. ಚುಕ್ಕಿ, ಗೆರೆ ಜತೆಯಲ್ಲೇ ತಿರುಗಿದರೆ ಕೊಳೆ ಐಪೀಸಿನಲ್ಲಿದೆ. ಐಪೀಸು ತಿರುಗಿದರೂ ಚುಕ್ಕಿ ಇದ್ದಲ್ಲೇ ಇದ್ದರೆ ಅದು ಪ್ರಿಸಂ ಮುಖದ ಮೇಲಿನದು. ಮುಂದಿನ ದೊಡ್ಡ ಲೆನ್ಸಿನ ಕೊಳೆ ಯಾವತ್ತೂ ಚುಕ್ಕಿಯಾಗಿ ಕಾಣುವುದಿಲ್ಲ, ಚಿತ್ರವನ್ನು ಮಬ್ಬು ಮಾಡುತ್ತದೆ ಅಷ್ಟೆ.

ಆಮೇಲೆ ಕತ್ತಲೆ ಕೋಣೆಯಲ್ಲಿ ಐಪೀಸು ತೆಗೆದು, ಮುಂದುಗಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟು, ಎರಡೂ ತುದಿಯಿಂದ ಒಳಗೆ ನೋಡಿ. ನೇರ ಬೆಳಕಿನಲ್ಲಿ ಕಾಣದ್ದೆಲ್ಲ ಓರೆ ಬೆಳಕಿನಲ್ಲಿ ಕಾಣುತ್ತದೆ. ಆದರೆ ಅದನ್ನು ನೋಡಿ ಗಾಬರಿಯಾಗಬೇಡಿ. ಹೊಸ ಸ್ಕೋಪಿಗೂ ಟಾರ್ಚ್ ಬಿಟ್ಟರೆ ಧೂಳು ಕಂಡೇ ಕಾಣುತ್ತದೆ.

ಒಂದು ಲೆಕ್ಕ ಕೊಡುತ್ತೇನೆ, ಮಕ್ಕಳಿಗೂ ಮಾಡಿಸಬಹುದು. 60 ಮಿಲಿಮೀಟರ್ ಅಗಲದ ಲೆನ್ಸಿನ ವಿಸ್ತೀರ್ಣ ಸುಮಾರು 2827 ಚದರ ಮಿಲಿಮೀಟರ್. ಅದರ ಮೇಲೆ 3 ಮಿಲಿಮೀಟರ್ ಅಗಲದ ಬೂಷ್ಟಿನ ಕಲೆ ಇದ್ದರೆ ಅದು ಮುಚ್ಚುವುದು 7 ಚದರ ಮಿಲಿಮೀಟರ್, ಅಂದರೆ ಶೇಕಡಾ 0.25 ಮಾತ್ರ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದನ್ನು ತೆಗೆಯಲು ಹೋಗಿ ಇಡೀ ಲೆನ್ಸನ್ನು ಗೀಚಿದರೆ ಮಾತ್ರ ಗೊತ್ತಾಗುತ್ತದೆ.

ಚರ್ಮದ ಪೆಟ್ಟಿಗೆಯನ್ನು ಇವತ್ತೇ ಬೇರೆ ಮಾಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಅದೇ ಅನ್ನ. ಆಸಿಡ್ ಇರುವ ಬೀರುವಿಗೂ ಮತ್ತೆ ಸೇರಿಸಬೇಡಿ. ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ ಮುಚ್ಚಳದ ಸಂದಿನಲ್ಲೂ ಬರುತ್ತದೆ, ಲೋಹವನ್ನೂ ಬಿಡುವುದಿಲ್ಲ.


ಶಿರಾ ಮೇಷ್ಟ್ರು · ನವೆಂಬರ್ 11, ರಾತ್ರಿ 8.30

ಮೇಡಂ, ನೀವು ಹೇಳಿದ ಹಾಗೇ ಮಾಡಿದೆ. ಕೂದಲೆಳೆ ಗೆರೆಗಳು ಐಪೀಸಿನ ಜತೆ ತಿರುಗುತ್ತವೆ. ಐಪೀಸು ತಿರುಚಿದರೆ ಪೂರ್ತಿ ಬಿಚ್ಚಿ ಬರುತ್ತೆ. ತಲೆಕೆಳಗು ಮಾಡಿ ಟಾರ್ಚ್ ಬಿಟ್ಟೆ. ಒಳಮುಖದ ಲೆನ್ಸಿನ ಅಂಚಿಂದ ನಡುವಿನ ತನಕ ಜೇಡರ ಬಲೆ ಹರಡಿದ ಹಾಗೆ ಬಿಳಿ ಎಳೆ. ಒಂದೊಂದು ಎಳೆಯೂ ಕವಲೊಡೆದು, ಆ ಕವಲು ಮತ್ತೆ ಕವಲೊಡೆದಿದೆ. ನೋಡೋಕೆ ಬೇರಿನ ಚಿತ್ರ ಇದ್ದ ಹಾಗಿದೆ.

ಕಪ್ಪು ಚುಕ್ಕಿ ಎರಡೂ ಅಲ್ಲಾಡಲ್ಲ, ಹಾಗಾದರೆ ಪ್ರಿಸಂ ಮೇಲಿನವು. ದೊಡ್ಡ ಲೆನ್ಸಿನ ಒಳಮುಖದಲ್ಲಿ ಉಸಿರು ಬಿಟ್ಟ ಹಾಗೆ ಮಬ್ಬು, ರಾಗಿಕಾಳಿನಷ್ಟು ಒಂದೇ ಒಂದು ಬೂಷ್ಟಿನ ಚುಕ್ಕಿ.


ತಿಪಟೂರು ತೆಂಗು · ನವೆಂಬರ್ 11, ರಾತ್ರಿ 9.05

ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತೆ ಅಂತಾರಲ್ಲ? ಎರಡು ದಿನ ಅಂಗಳದಲ್ಲಿಟ್ಟು ನೋಡಿ. ಬಿಗಿ ಗುಂಡಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ನಮ್ಮ ಮನೆಯ ಹೊಲಿಗೆ ಮಿಷನ್ನಿಗೂ ಅದನ್ನೇ ಹಾಕೋದು.


ಗಡಿಯಾರದ ಕೈ · ನವೆಂಬರ್ 12, ಬೆಳಿಗ್ಗೆ 5.30

ಕೊಬ್ಬರಿ ಎಣ್ಣೆ ಬೇಡ ಕಣಪ್ಪ. 24–25 ಡಿಗ್ರಿಗಿಂತ ಚಳಿಯಾದರೆ ಅದು ಹೆಪ್ಪುಗಟ್ಟುತ್ತೆ. ಪುಷ್ಯ ಮಾಸದ ಬೆಳಿಗ್ಗೆ ನಿಮ್ಮ ಮನೆ ಬಾಟಲಿಯಲ್ಲಿ ನೋಡಿಲ್ವಾ? ಆಮೇಲೆ ಕಮಟುತ್ತೆ, ಜಿಗಟಾಗುತ್ತೆ. ಬೂಷ್ಟಿಗೆ ಇನ್ನೊಂದು ಊಟ ಹಾಕಿದ ಹಾಗೆ. ಯಾವುದೇ ತೆಳು ಎಣ್ಣೆಯಾದರೂ ಲೋಹದ ಮೇಲೆ ಹರಿದು, ಬಿಸಿಲಲ್ಲಿ ಆವಿಯಾಗಿ, ಗಾಜಿನ ಮೇಲೆ ಮಬ್ಬಾಗಿ ಕೂರುತ್ತೆ. ಮೇಷ್ಟ್ರು ಹೇಳಿದ ದೊಡ್ಡ ಲೆನ್ಸಿನ ಒಳಗಿನ ಮಬ್ಬು ಹಳೇ ಗ್ರೀಸಿನದೇ ಇರಬೇಕು.

ಬಿಸಿಲಿನ ವಿಚಾರ. ಬೂಷ್ಟು ಸಾಯಬಹುದು, ಹೆಣ ಅಲ್ಲೇ ಇರುತ್ತೆ, ಒರೆಸದೆ ಹೋಗಲ್ಲ. ಬಿಸಿಲಿಗಿಟ್ಟ ಸ್ಕೋಪು ಸೂರ್ಯನ ಕಡೆ ತಿರುಗಿದರೆ ಒಳಗೆ ಬೆಂಕಿ ಹತ್ತಿದ ಹಾಗೆ ಸುಡುತ್ತೆ. ಮುಚ್ಚಳ ಹಾಕದೆ ಹೊರಗಿಡಲೇಬೇಡಿ.

ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿಯಲ್ಲಿದ್ದವನು. 2016ರಲ್ಲಿ ಅದು ಮುಚ್ಚೋಕೆ ಮುಂಚೆಯೇ ನಿವೃತ್ತನಾದೆ. ಗಾಜಿನ ಕೆಲಸ ನನ್ನದಲ್ಲ, ಆದರೆ ಸಣ್ಣ ಸ್ಕ್ರೂ, ಅದರ ಸಣ್ಣ ಮರೆ (ಸುತ್ತುಗೆರೆ), ಧೂಳು ಇವು ನನಗೆ ಗೊತ್ತು. ಸ್ನೇಹಿತರ ದುರ್ಬೀನು ನಾಲ್ಕಾರು ಬಿಚ್ಚಿ ಜೋಡಿಸಿದ್ದೀನಿ. ಹೇಳ್ತೀನಿ, ಬರಕೊಳ್ಳಿ ಮೇಷ್ಟ್ರೇ.

ಜಪಾನಿನ ಸ್ಕ್ರೂ ನೋಡೋಕೆ ನಮ್ಮ ಸ್ಟಾರ್ ಸ್ಕ್ರೂ ಥರಾನೇ ಇರುತ್ತೆ, ಆದರೆ ಗುಳಿ ಬೇರೆ. ತಲೆಯ ಮೇಲೆ ಒಂದು ಪುಟ್ಟ ಚುಕ್ಕಿ ಇದ್ದರೆ ಅದು ಜಪಾನ್ ಅಳತೆಯದ್ದು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಮೇಲೆದ್ದು ತಲೆ ಕೆಡಿಸುತ್ತೆ. ಜೆಐಎಸ್ ಅಂತ ಕೇಳಿ ತರಿಸಿ. ಸ್ಕ್ರೂ ತೆಗೆಯುವಾಗ ತಿರುಗಿಸೋ ಬಲಕ್ಕಿಂತ ಒತ್ತೋ ಬಲ ಜಾಸ್ತಿ ಇರಬೇಕು.

ನಿಮಗೆ ಬೇಕಾದ್ದು ಐಪೀಸಿನ ಒಳಮುಖದ ಲೆನ್ಸು ಹಿಡಿದಿರೋ ರಿಂಗು ಬಿಚ್ಚೋದು, ಅಷ್ಟೇ. ಅದರಲ್ಲಿ ಎದುರುಬದುರು ಎರಡು ಕಚ್ಚು ಇರುತ್ತೆ. ಮಕ್ಕಳ ಜಾಮೆಟ್ರಿ ಬಾಕ್ಸಿನ ಡಿವೈಡರ್ ತಗೊಳ್ಳಿ, ಎರಡೂ ಮೊನೆಯನ್ನ ಅರದಲ್ಲಿ ಉಜ್ಜಿ ಕಚ್ಚಿನ ಅಗಲಕ್ಕೆ ಚಪ್ಪಟೆ ಮಾಡಿ. ಚೂಪಾಗಿ ಬಿಟ್ಟರೆ ಜಾರಿ ಗಾಜಿನ ಮೇಲೆ ಗೆರೆ ಎಳೆಯುತ್ತೆ. ಲೆನ್ಸಿನಷ್ಟಗಲದ ದಪ್ಪ ಕಾಗದದ ಬಿಲ್ಲೆ ಕತ್ತರಿಸಿ ಗಾಜಿನ ಮೇಲಿಟ್ಟುಕೊಂಡು ಕೆಲಸ ಮಾಡಿ. ರಿಂಗು ಬರದಿದ್ದರೆ ಆ ಭಾಗದ ಸುತ್ತ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ ಐದು ನಿಮಿಷ ಇಡಿ, ಕೈಗೆ ಹಿತವಾಗುವಷ್ಟೇ ಬಿಸಿ. ಅಂಟಿಸಿದ ಜೋಡಿ ಲೆನ್ಸಿನ ಅಂಟು ಜಾಸ್ತಿ ಬಿಸಿ ತಡೆಯಲ್ಲ.

ಲೆನ್ಸು ಈಚೆ ತೆಗೆಯೋಕೆ ಮುಂಚೆ ಅದರ ಪಕ್ಕದ ಅಂಚಿಗೆ ಪೆನ್ಸಿಲಲ್ಲಿ ಬಾಣದ ಗುರುತು ಹಾಕಿ, ಬಾಣ ಕಣ್ಣಿನ ಕಡೆಗಿರಲಿ. ಯಾವ ಮುಖ ಯಾವ ಕಡೆ ಅಂತ ಆಮೇಲೆ ನೆನಪಿರಲ್ಲ. ಎಲ್ಲರೂ ನೆನಪಿರುತ್ತೆ ಅಂದುಕೊಂಡೇ ಮರೆಯೋದು.

ಬಿಗಿ ಫೋಕಸ್ ಗುಂಡಿ ಈಗ ಮುಟ್ಟಬೇಡಿ. ಅದರ ಒಳಗಿನ ಸರಳು ಹೋಗಿ ಸೇರೋದು ಪ್ರಿಸಂ ಹತ್ತಿರಕ್ಕೆ. ಕಷ್ಟಪಟ್ಟಾದರೂ ತಿರುಗುತ್ತೆ ಅಲ್ವಾ? ತಿರುಗಲಿ ಬಿಡಿ.


ಗುಬ್ಬಿ ಹುಡುಗಿ · ನವೆಂಬರ್ 12, ಮಧ್ಯಾಹ್ನ 1.20

ನಮ್ಮ ಮಾಮ ಮೊಬೈಲ್ ಗಾಜಿನ ಗೀರು ಹೋಗೋಕೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಲೆನ್ಸಿಗೂ ಅದು ಆಗುತ್ತಾ? ಸುಮ್ಮನೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದರೂ ತೊಂದರೆನಾ?


ಲ್ಯಾಬಿನಾಕೆ · ನವೆಂಬರ್ 12, ಸಂಜೆ 6.10

ಬೇಡ ಮಗಳೇ. ಟೂತ್‌ಪೇಸ್ಟಿನಲ್ಲಿರುವುದೇ ಉಜ್ಜುವ ಪುಡಿ. ಹಳೇ ಲೆನ್ಸಿನ ಮೇಲಿನ ನೀಲಿ-ನೇರಳೆ ಹೊಳಪು ಮೆಗ್ನೀಷಿಯಂ ಫ್ಲೋರೈಡ್‌ನ ತೆಳು ಲೇಪ. ಅದರ ದಪ್ಪ ಬೆಳಕಿನ ತರಂಗದ ಕಾಲು ಭಾಗದಷ್ಟು, ಅಂದರೆ ಒಂದು ಮಿಲಿಮೀಟರನ್ನು ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಪೇಸ್ಟ್ ಹಚ್ಚಿ ನಾಲ್ಕು ಸಲ ಉಜ್ಜಿದರೆ ಉಳಿಯುವುದಿಲ್ಲ.

ಇನ್ನು ಬಟ್ಟೆ. ನಮ್ಮ ಸೀಮೆಯ ಧೂಳು ಎಂಥದ್ದು ಯೋಚನೆ ಮಾಡು. ಮಧುಗಿರಿಯಿಂದ ದೇವರಾಯನದುರ್ಗದವರೆಗೆ ಬರೀ ಬಂಡೆ. ಬಂಡೆ ಸವೆದು ಮಣ್ಣಾದಾಗ ಅದರೊಳಗಿನ ಬೆಣಚುಕಲ್ಲಿನ ಕಣ ಹಾಗೇ ಉಳಿಯುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚು 7, ಲೆನ್ಸಿನ ಗಾಜು 6ರ ಆಸುಪಾಸು. ಆ ಕಣ ಗಾಜಿನ ಮೇಲಿರುವಾಗ ರೇಷ್ಮೆ ಸೀರೆಯ ಸೆರಗಲ್ಲಿ ಒರೆಸಿದರೂ ಗೀರು ಬೀಳುತ್ತದೆ, ಗೀಚುವುದು ಬಟ್ಟೆ ಅಲ್ಲ, ಬಟ್ಟೆಯ ಕೆಳಗಿರುವ ಕಲ್ಲು. ಅದಕ್ಕೇ ಮೊದಲು ಗಾಳಿ. ಮೆಡಿಕಲ್ ಶಾಪಿನಲ್ಲಿ ಕಿವಿ ತೊಳೆಯುವ ರಬ್ಬರ್ ಬಲ್ಬ್ ಸಿಗುತ್ತದೆ. ಲೆನ್ಸನ್ನು ಕೆಳಮುಖ ಹಿಡಿದು ಅದರಿಂದ ಊದಬೇಕು. ಬಾಯಲ್ಲಿ ಊದಿದರೆ ಉಗುಳಿನ ಹನಿ ಬೀಳುತ್ತದೆ. ಆಮೇಲೆ ಮೆತ್ತನೆ ಹೊಸ ಕುಂಚ. ಒದ್ದೆ ಮಾಡುವುದು ಕೊನೆಯಲ್ಲಿ.


ಕುಣಿಗಲ್ ಕೆರೆ · ನವೆಂಬರ್ 12, ರಾತ್ರಿ 9.50

ದ್ರಾವಣದ ವಿಷಯಕ್ಕೆ ಬರೋ ಮೊದಲು ನನ್ನದೊಂದು ನೋವು ಹೇಳಬೇಕು. ನೇಲ್ ಪಾಲಿಶ್ ತೆಗೆಯೋ ದ್ರವ ಹತ್ತಿಯಲ್ಲಿ ತಗೊಂಡು ನಮ್ಮಪ್ಪನ ಸ್ಕೋಪಿನ ಲೆನ್ಸ್ ಒರೆಸಿದೆ. ಗಾಜು ಫಳಫಳ ಅಂತು. ಆದರೆ ಹತ್ತಿ ಕಪ್ಪಾಗಿತ್ತು. ಕೊಳೆ ಬಂತು ಅಂದುಕೊಂಡು ಇನ್ನೂ ಒರೆಸಿದೆ. ಅದು ಕೊಳೆ ಆಗಿರಲಿಲ್ಲ, ಲೆನ್ಸಿನ ಪಕ್ಕದ ಅಂಚಿಗೆ ಬಳಿದಿದ್ದ ಕಪ್ಪು ಬಣ್ಣ. ಆ ಬಣ್ಣ ಇರೋದು ಅಡ್ಡಬೆಳಕನ್ನ ಹೀರಿಕೊಳ್ಳೋಕೆ. ಅದು ಹೋದ ಮೇಲೆ ಕೆರೆಯ ನೀರಿನ ಕಡೆ ತಿರುಗಿಸಿದರೆ ಸಾಕು, ಚಿತ್ರದ ಮೇಲೆಲ್ಲ ಬಿಳಿ ಪೊರೆ. ಪ್ಲಾಸ್ಟಿಕ್ಕಿನ ಕಣ್ಣುಬಟ್ಟಲಿಗೆ ಒಂದು ತೊಟ್ಟು ಬಿದ್ದಿತ್ತು, ಅಲ್ಲಿ ಬೆರಳಚ್ಚು ಇವತ್ತಿಗೂ ಹಾಗೇ ಮೂಡಿದೆ. ಅಪ್ಪ ಏನೂ ಅನ್ನಲಿಲ್ಲ. ಅಸಿಟೋನ್ ಇರೋ ಯಾವುದನ್ನೂ ಹತ್ತಿರಕ್ಕೆ ತರಬೇಡಿ.


ಲ್ಯಾಬಿನಾಕೆ · ನವೆಂಬರ್ 13, ಬೆಳಿಗ್ಗೆ 7.05

ಕುಣಿಗಲ್ ಅಣ್ಣ, ಅಂಚಿಗೆ ಮತ್ತೆ ಕಪ್ಪು ಬಳಿಯಬಹುದು. ಚಿತ್ರ ಬರೆಯುವವರ ಇಂಡಿಯನ್ ಇಂಕನ್ನು ಸಣ್ಣ ಕುಂಚದಲ್ಲಿ ಎರಡು ಸಲ ಬಳಿದು ಒಣಗಿಸಿ. ಪೂರ್ತಿ ಮೊದಲಿನ ಹಾಗಾಗದಿದ್ದರೂ ಪೊರೆ ಕಡಿಮೆಯಾಗುತ್ತದೆ. ಪ್ರಯತ್ನ ಮಾಡಿ, ಅಪ್ಪಾಜಿಗೆ ಸಂತೋಷ ಆಗುತ್ತದೆ.

ಮೇಷ್ಟ್ರಿಗೆ: ಮೊದಲ ಸುತ್ತಿಗೆ 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು, ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಣಗಿದ ಮೇಲೆ ಪೊರೆ ಬಿಡುತ್ತದೆ. ಅದಕ್ಕೆ ಬಗ್ಗದ ಬೂಷ್ಟಿಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಸಮಸಮ. ಮೆಡಿಕಲ್ ಶಾಪಿನ ಪೆರಾಕ್ಸೈಡ್ 6 ಪರ್ಸೆಂಟಿನದು, ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 3 ಆಗುತ್ತದೆ. ಲ್ಯಾಬಿನ ಅಮೋನಿಯಾ ತುಂಬ ಖಾರ, ಒಂದು ಭಾಗಕ್ಕೆ ನಾಲ್ಕೈದು ಭಾಗ ನೀರು ಹಾಕಿ. ಕಿಟಕಿ ತೆರೆದು, ಕೈಗವಸು, ಕನ್ನಡಕ ಹಾಕಿಕೊಂಡು ಮಾಡಿ. ಒಂದು ಚಮಚದಷ್ಟೇ ಬೆರೆಸಿ. ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಇಡಬೇಡಿ, ಒಳಗೆ ಗಾಳಿ ಉಬ್ಬಿ ಸಿಡಿಯಬಹುದು. ಬ್ಲೀಚಿಂಗ್ ದ್ರವದ ಹತ್ತಿರಕ್ಕೂ ಅಮೋನಿಯಾ ಸುಳಿಯಬಾರದು, ವಿಷದ ಹೊಗೆ ಬರುತ್ತದೆ. ಈ ಭಾಗ ಮಕ್ಕಳ ಕೈಯಲ್ಲಿ ಮಾಡಿಸಬೇಡಿ.

ಲೆನ್ಸನ್ನು ಯಾವುದರಲ್ಲೂ ನೆನೆಹಾಕಬೇಡಿ. ಎರಡು ಗಾಜು ಅಂಟಿಸಿ ಮಾಡಿದ ಲೆನ್ಸಾದರೆ, ಹಳೇ ಕಾಲದ್ದರಲ್ಲಿ ಆ ಅಂಟು ಕೆನಡಾ ಬಾಲ್ಸಂ ಅನ್ನುವ ಮರದ ರಾಳ. ದ್ರಾವಣ ಅಂಚಿನಿಂದ ಒಳಗೆ ನುಗ್ಗಿದರೆ ಅಂಟು ಬಿಡುತ್ತದೆ, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಾಣಿಸುತ್ತದೆ. ಹತ್ತಿ ತೊಟ್ಟಿಕ್ಕುವಷ್ಟು ಒದ್ದೆ ಇರಕೂಡದು.


ಮಧುಗಿರಿ ಪಿಕಳಾರ · ನವೆಂಬರ್ 13, ಬೆಳಿಗ್ಗೆ 8.00

ಒಂದು ಅನುಮಾನ ಮೇಡಂ. ಒಳಗೆ ನೈಟ್ರೋಜನ್ ತುಂಬಿರುತ್ತಾರೆ, ಮನೆಯಲ್ಲಿ ಬಿಚ್ಚಿದರೆ ಅದು ಹೋಗಿಬಿಡುತ್ತೆ, ಸ್ಕೋಪ್ ಸತ್ತ ಹಾಗೆ ಅಂತ ಕೇಳಿದ್ದೀನಿ.


ಲ್ಯಾಬಿನಾಕೆ · ನವೆಂಬರ್ 13, ಮಧ್ಯಾಹ್ನ 2.30

ನೈಟ್ರೋಜನ್ ತುಂಬುವುದು ನೀರು ನುಗ್ಗದ ಹಾಗೆ ರಬ್ಬರ್ ರಿಂಗ್ ಹಾಕಿ ಮುಚ್ಚಿದ ಸ್ಕೋಪುಗಳಿಗೆ. ಅದು ಒಣ ಗಾಳಿ, ಒಳಗೆ ತೇವ ಇರಬಾರದು ಅಂತ ತುಂಬುತ್ತಾರೆ. ನೋಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಹೋದರೂ ಸ್ಕೋಪು ಸಾಯುವುದಿಲ್ಲ, ಚಳಿ ಬೆಳಗಿನಲ್ಲಿ ಒಳಗೆ ಮಂಜು ಕಟ್ಟುವ ಸಂಭವ ಹೆಚ್ಚು ಅಷ್ಟೆ. ಮೇಷ್ಟ್ರ ಸ್ಕೋಪಿನ ಐಪೀಸು ಬರಿಗೈಯಲ್ಲಿ ಬಿಚ್ಚಿ ಬಂದಿದೆ, ಒಳಗೆ ಬೂಷ್ಟೂ ಬೆಳೆದಿದೆ. ಇದ್ದಿದ್ದರೂ ಎಂದೋ ಹೋಗಿದೆ. ಆದರೆ ಇನ್ನೂ ಮುಚ್ಚಿದ ಸ್ಥಿತಿಯಲ್ಲೇ ಇರುವ ಹೊಸ ಸ್ಕೋಪನ್ನು ಒಂದು ಧೂಳಿನ ಕಣಕ್ಕಾಗಿ ಬಿಚ್ಚುವುದು ಖಂಡಿತ ತಪ್ಪು.

ಮೇಷ್ಟ್ರೇ, ಮೋಡ ಇರುವ ದಿನ ಬಿಚ್ಚಬೇಡಿ. ಈ ಹಿಂಗಾರು ಮುಗಿಯಲಿ. ಒಣ ಗಾಳಿ ಬೀಸುವ ಡಿಸೆಂಬರ್ ಬಿಸಿಲಿನ ಮಧ್ಯಾಹ್ನ ಮಾಡಿ, ಒಳಗೆ ಸೇರಿಕೊಳ್ಳುವ ಗಾಳಿಯೂ ಒಣಗಿರುತ್ತದೆ.


ಶಿರಾ ಮೇಷ್ಟ್ರು · ಡಿಸೆಂಬರ್ 21, ರಾತ್ರಿ 10.20

ಕಾದೆ. ಇವತ್ತು ಭಾನುವಾರ, ಬಿಸಿಲು ಚೆನ್ನಾಗಿತ್ತು, ಮಾಡಿ ಮುಗಿಸಿದೆ. ನಡೆದದ್ದನ್ನ ನಡೆದ ಹಾಗೇ ಬರೀತೀನಿ.

ಬಚ್ಚಲ ಪಕ್ಕದ ಕೋಣೆಯ ನೆಲ ಒದ್ದೆಬಟ್ಟೆಯಲ್ಲಿ ಒರೆಸಿ ಧೂಳು ಅಡಗಿಸಿದೆ, ಫ್ಯಾನ್ ಆರಿಸಿದೆ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಸ್ಕ್ರೂ ಇಡೋಕೆ ಕುಂಕುಮದ ಬಟ್ಟಲು ಇಟ್ಟುಕೊಂಡೆ. ಡಿವೈಡರ್ ಮೊನೆ ಉಜ್ಜೋಕೇ ಒಂದು ಗಂಟೆ ಹಿಡೀತು. ಐಪೀಸಿನ ರಿಂಗು ಮೊದಲು ಅಲ್ಲಾಡಲೇ ಇಲ್ಲ. ಬಿಸಿಬಟ್ಟೆ ಮೂರು ಸಲ ಸುತ್ತಿದೆ. ನಾಲ್ಕನೇ ಸಲಕ್ಕೆ ಟಕ್ ಅಂತ ಸಣ್ಣ ಸದ್ದು ಬಂತು, ಎದೆ ಝಲ್ ಅಂತು. ಗಾಜು ಒಡೆದಿರಲಿಲ್ಲ, ರಿಂಗು ಬಿಟ್ಟಿತ್ತು.

ಬಾಣದ ಗುರುತು ಹಾಕಿ ಲೆನ್ಸನ್ನ ಕಾಗದದ ಮೇಲೆ ಇಳಿಸಿಕೊಂಡೆ. ಎರಡು ಕಡೆಯೂ ಒಂದೇ ಥರ ಕಾಣ್ತಿತ್ತು, ಗುರುತು ಹಾಕದಿದ್ದರೆ ಖಂಡಿತ ತಿರುಗಾಮುರುಗಾ ಆಗ್ತಿತ್ತು, ಯಜಮಾನ್ರೇ. ಗಾಳಿ ಊದಿ, ಕುಂಚ ಆಡಿಸಿ, ಕಡ್ಡಿಗೆ ಸುತ್ತಿದ ಹತ್ತಿಯನ್ನ ಐಸೋಪ್ರೊಪೈಲಿನಲ್ಲಿ ಅದ್ದಿ, ಕೊಡವಿ, ನಡುವಿನಿಂದ ಅಂಚಿಗೆ ಉರುಳಿಸ್ತಾ ಬಂದೆ. ಒಂದು ಹತ್ತಿ ಒಂದೇ ಸಲ, ಆಮೇಲೆ ಬಿಸಾಕೋದು. ಹನ್ನೊಂದನೇ ಹತ್ತಿಗೆ ಎಳೆಗಳಲ್ಲಿ ಮುಕ್ಕಾಲು ಭಾಗ ಹೋದವು. ಉಳಿದ ಕಾಲು ಭಾಗಕ್ಕೆ ಪೆರಾಕ್ಸೈಡ್-ಅಮೋನಿಯಾ ತಾಗಿಸಿ ಒಂದು ನಿಮಿಷ ಬಿಟ್ಟು, ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ, ಮತ್ತೆ ಐಸೋಪ್ರೊಪೈಲ್. ಈಗ ಓರೆ ಬೆಳಕಲ್ಲಿ ನೋಡಿದರೆ ಬೂಷ್ಟಿಲ್ಲ, ಆದರೆ ಅದು ಹರಡಿದ್ದ ದಾರಿ ಗಾಜಿನಲ್ಲೇ ಸಣ್ಣಗೆ ಕೊರೆದ ಹಾಗೆ ಉಳಿದಿದೆ. ಉಜ್ಜೋಕೆ ಕೈ ತುಡೀತು, ಬಿಟ್ಟೆ.

ದೊಡ್ಡ ಲೆನ್ಸಿಗೆ ಬಂದರೆ, ಗಾಜನ್ನ ಅದರ ಬಟ್ಟಲಿಂದ ಕೀಳಲಿಲ್ಲ. ಬಟ್ಟಲಿನ ಸುತ್ತ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಿರುಚಿದೆ, ಇಡೀ ಬಟ್ಟಲೇ ಬಿಚ್ಚಿ ಬಂತು. ಒಳಮುಖ ಕೈಗೆ ಸಿಕ್ಕಿತು. ಮಬ್ಬು ನಾಲ್ಕು ಹತ್ತಿಯಲ್ಲೇ ಹೋಯಿತು. ಹತ್ತಿಯ ಮೇಲೆ ತೆಳು ಹಳದಿ ಜಿಡ್ಡು. ಗ್ರೀಸೇ ಅದು. ಹೊರಗಿನ ಹೆಬ್ಬೆರಳ ಅಚ್ಚು ಮಾತ್ರ ಪೂರ್ತಿ ಹೋಗಿಲ್ಲ, ಲೇಪದಲ್ಲಿ ಅಚ್ಚೊತ್ತಿದ ಹಾಗೆ ನೆರಳಿದೆ. ಪ್ರಿಸಂ ಮುಟ್ಟಲಿಲ್ಲ. ಎರಡು ಕಪ್ಪು ಚುಕ್ಕಿ ಹಾಗೇ ಇವೆ.

ಸಂಜೆ ಐದಕ್ಕೆ ಜೋಡಿಸಿ ಮಾಳಿಗೆ ಹತ್ತಿದೆ. ಅದೇ ಗುಡಿ, ಅದೇ ಕಳಸ. 20ರಲ್ಲಿ ಕಳಸದ ಮೇಲಿನ ಹಕ್ಕಿ ಹಿಕ್ಕೆ ಕಾಣ್ತು. 60ರಲ್ಲಿ ತಾಮ್ರದ ತಗಡು ಸೇರಿಸಿದ ಬೆಸುಗೆ ಗೆರೆ ಕಾಣ್ತು. ನನ್ನ ಹೆಂಡತಿಯನ್ನ ಕೂಗಿ ಕರೆದೆ, ಅವಳು ಒಲೆ ಆರಿಸಿ ಬಂದು ನೋಡಿದಳು.

ಒಂದು ತೊಂದರೆ. ರಾತ್ರಿ ಒಂದು ಪ್ರಖರ ನಕ್ಷತ್ರಕ್ಕೆ ತಿರುಗಿಸಿ ಫೋಕಸ್ ಸ್ವಲ್ಪ ತಪ್ಪಿಸಿದರೆ ಬೆಳಕು ದುಂಡಗಿಲ್ಲ, ಮೂರು ಮೂಲೆ ಇದೆ. ದೊಡ್ಡ ಲೆನ್ಸು ಬಟ್ಟಲೊಳಗೆ ಸಣ್ಣಗೆ ಅಲ್ಲಾಡ್ತಿತ್ತು ಅಂತ ಅದರ ರಿಂಗನ್ನ ಬಿಗಿ ಮಾಡಿದ್ದೆ. ಅದೇನಾದರೂ ಕಾರಣ ಇರಬಹುದಾ?


ಗಡಿಯಾರದ ಕೈ · ಡಿಸೆಂಬರ್ 22, ಬೆಳಿಗ್ಗೆ 5.45

ಅದೇ ಕಾರಣ ಮೇಷ್ಟ್ರೇ. ರಿಂಗು ಲೆನ್ಸನ್ನ ಅದುಮಬಾರದು, ಮುಟ್ಟಿದರೆ ಸಾಕು. ಬಿಗಿ ಮಾಡಿದರೆ ಗಾಜು ಬಾಗುತ್ತೆ, ಕಣ್ಣಿಗೆ ಕಾಣದಷ್ಟು, ಆದರೆ ನಕ್ಷತ್ರಕ್ಕೆ ಗೊತ್ತಾಗುತ್ತೆ. ಕೆಲವು ಲೆನ್ಸಿನ ಎರಡು ಗಾಜಿನ ನಡುವೆ ಮೂರು ಕಡೆ ತೆಳು ತಗಡಿನ ಚೂರು ಇಟ್ಟಿರ್ತಾರೆ. ಅಂಥದ್ದಾದರೆ ಒತ್ತಡವೂ ಅಲ್ಲೇ ಬಿದ್ದು ಮೂರು ಮೂಲೆ ಬರುತ್ತೆ. ರಿಂಗನ್ನ ಕಾಲು ಸುತ್ತು ಸಡಿಲ ಮಾಡಿ. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಟಿಕ್ ಅಂತ ಕೇಳೀತೇನೋ ಅನ್ನೋ ಹಾಗಿರಬೇಕು.

ಹೆಬ್ಬೆರಳ ನೆರಳು ಬಿಟ್ಟಿದ್ದು ಒಳ್ಳೇದಾಯಿತು. ಬೆವರಿನ ಉಪ್ಪು, ಹುಳಿ ವರ್ಷಗಟ್ಟಲೆ ಕೂತರೆ ಲೇಪವನ್ನೇ ತಿನ್ನುತ್ತೆ. ಅಲ್ಲಿ ತೆಗೆಯೋಕೆ ಏನೂ ಉಳಿದಿರಲ್ಲ.


ಶಿರಾ ಮೇಷ್ಟ್ರು · ಡಿಸೆಂಬರ್ 23, ರಾತ್ರಿ 9.15

ಸಡಿಲ ಮಾಡಿದೆ. ದುಂಡಗಾಯಿತು! ಗುರುಗ್ರಹಕ್ಕೆ ತಿರುಗಿಸಿದೆ. ಪಕ್ಕದಲ್ಲಿ ಅದರ ಚಂದ್ರಗಳು, ನಾಲ್ಕು ಚುಕ್ಕಿ ಸಾಲಾಗಿ, ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ. ಗೆಲಿಲಿಯೋ 1610ರ ಜನವರಿಯಲ್ಲಿ ಇವನ್ನ ನೋಡಿದ್ದೂ ಸುಮಾರು 20 ಪಟ್ಟು ದೊಡ್ಡದಾಗಿ ತೋರಿಸೋ ದೂರದರ್ಶಕದಲ್ಲೇ. ಇಷ್ಟು ವರ್ಷ ಪಾಠ ಮಾಡಿದ್ದೀನಿ, ನಾನು ಕಣ್ಣಾರೆ ನೋಡಿದ್ದು ಇವತ್ತೇ.


ತಿಪಟೂರು ತೆಂಗು · ಡಿಸೆಂಬರ್ 24, ಬೆಳಿಗ್ಗೆ 7.30

ತುಂಬ ಖುಷಿಯಾಯಿತು ಮೇಷ್ಟ್ರೇ. ಇನ್ನು ಇಡೋದು ಎಲ್ಲಿ? ಮುಂದಿನ ಮಳೆಗಾಲಕ್ಕೆ ಮತ್ತೆ ಬೂಷ್ಟು ಬರಲ್ವಾ? ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ?


ಲ್ಯಾಬಿನಾಕೆ · ಡಿಸೆಂಬರ್ 24, ಸಂಜೆ 5.40

ಅಕ್ಕಿ ಬೇಡ, ಅದರ ಹಿಟ್ಟುಧೂಳು ಸಂದಿಗೆಲ್ಲ ಸೇರುತ್ತದೆ. ರಬ್ಬರ್ ವಾಷರ್ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಒಳಗೆ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿ ಇಡಿ. ತೇವ ಹೀರಿದಾಗ ಬಣ್ಣ ಬದಲಾಗುವ ಜಾತಿಯದು ತಗೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಶಾಲೆಗೆ ಕಿತ್ತಳೆ ಬಣ್ಣದ್ದೇ ಮೇಲು. ಬಣ್ಣ ಬದಲಾದ ಮೇಲೆ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ರೊಟ್ಟಿ ಹಂಚಿನ ಮೇಲೆ ಮಾಡಬೇಡಿ, ಅದಕ್ಕೇ ಅಂತ ಬೇರೆ ಬಾಣಲಿ ಇಡಿ. ಡಬ್ಬದೊಳಗೆ ತೇವಾಂಶ 40ರಿಂದ 50 ಪರ್ಸೆಂಟ್ ಇದ್ದರೆ ಸಾಕು. 65–70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಚಿಗುರುತ್ತದೆ.

ಎಲ್ಲಕ್ಕಿಂತ ಒಳ್ಳೇ ಔಷಧಿ, ತಿಂಗಳಿಗೊಮ್ಮೆ ಈಚೆ ತೆಗೆದು ಬಳಸುವುದು.

ಮತ್ತೊಂದು. ಸ್ಕೋಪು ಮಕ್ಕಳ ಕೈಗೆ ಹೋಗುವ ಮೊದಲು ಸೂರ್ಯನ ಪಾಠ ಆಗಿರಲಿ. 60 ಮಿಲಿಮೀಟರ್ ಲೆನ್ಸು ಹಿಡಿಯುವ ಬೆಳಕು, ಬಿಸಿಲಲ್ಲಿ ಕುಗ್ಗಿದ 3 ಮಿಲಿಮೀಟರ್ ಕಣ್ಣಪಾಪೆಗಿಂತ 400 ಪಟ್ಟು. ಒಂದು ಕ್ಷಣ ಸಾಕು, ಕಣ್ಣು ಹೋದರೆ ವಾಪಸ್ ಬರುವುದಿಲ್ಲ.


ಶಿರಾ ಮೇಷ್ಟ್ರು · ಫೆಬ್ರವರಿ 22, ಮಧ್ಯಾಹ್ನ 3.10

ಇವತ್ತು ಬೆಳಿಗ್ಗೆ ಕಗ್ಗಲಡುವಿಗೆ ಹನ್ನೆರಡು ಮಕ್ಕಳ ಜತೆ ಹೋಗಿದ್ದೆ. ಸೂರ್ಯನ ಪಾಠ ಹಿಂದಿನ ವಾರವೇ ಆಗಿತ್ತು. ಊರೊಳಗಿನ ಹುಣಸೆಮರಗಳ ನೆತ್ತಿಯಲ್ಲಿ ಕೊಕ್ಕರೆಗಳು ಕಡ್ಡಿ ತಂದು ಇಡ್ತಿದ್ದವು, ಪಕ್ಕದ ಕೊಂಬೆಯಲ್ಲಿ ಬೂದು ಬಕ. ರಸ್ತೆಯ ಈಚೆಯೇ ನಿಂತೆವು, ಮರದ ಬುಡಕ್ಕೆ ಹೋಗಲಿಲ್ಲ. ಹಳದಿ ಕೊಕ್ಕಿನ ತುದಿ ಸ್ವಲ್ಪ ಕೆಳಕ್ಕೆ ಬಾಗಿರೋದು, ರೆಕ್ಕೆಯ ಕೊನೆಯ ಗುಲಾಬಿ ಗರಿ, ಗಂಡು ಕೊಟ್ಟ ಕಡ್ಡಿಯನ್ನ ಹೆಣ್ಣು ಕೊಕ್ಕಲ್ಲಿ ಹಿಡಿದು ನಾಲ್ಕು ಕಡೆ ಇಟ್ಟು ನೋಡೋದು, ಎಲ್ಲ ಕಾಣ್ತು. 60ಕ್ಕೆ ಹೋಗಲೇ ಇಲ್ಲ, 25–30ರಲ್ಲೇ ಚೆಂದ. 60ರಲ್ಲಿ ಕಣ್ಣಿಗೆ ಬರೋ ಬೆಳಕಿನ ಕಂಬ ಒಂದೇ ಮಿಲಿಮೀಟರ್ ಅಗಲ, ಮಕ್ಕಳಿಗೆ ಕಣ್ಣು ಕೂರಿಸೋದೇ ಕಷ್ಟ. ಹತ್ತು ಗಂಟೆ ದಾಟಿದ ಮೇಲೆ ಬಿಸಿಲಿಗೆ ಗಾಳಿ ಕುಣಿಯೋಕೆ ಶುರುವಾಗಿ ಚಿತ್ರ ಅಲೆಅಲೆಯಾಯಿತು. ಲೆನ್ಸಿನ ದೋಷ ಅಲ್ಲ ಅಂತ ಈಗ ಗೊತ್ತು.

ಎರಡು ಕಪ್ಪು ಚುಕ್ಕಿ ಈಗಲೂ ಇವೆ. ಯಾವ ಮಗುವೂ ಅದನ್ನ ಕೇಳಲಿಲ್ಲ. ಆ ಹಳೇ ಮೇಷ್ಟ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು ಕೇಳಿದ್ದು, "ಫೋಕಸ್ ಗುಂಡಿ ಇನ್ನೂ ಬಿಗಿಯಾಗೇ ಇದೆಯಾ?" ಅಂತ. ಅವರ ಕಾಲದಲ್ಲೂ ಅದು ಹಾಗೇ ಇತ್ತಂತೆ.


ಗುಬ್ಬಿ ಹುಡುಗಿ · ಫೆಬ್ರವರಿ 22, ಸಂಜೆ 4.00

ಸಾರ್, ಮುಂದಿನ ಸಲ ಹೋಗುವಾಗ ನಾನೂ ನನ್ನ ತಂಗಿಯೂ ಬರಬಹುದಾ?


ಶಿರಾ ಮೇಷ್ಟ್ರು · ಫೆಬ್ರವರಿ 22, ಸಂಜೆ 4.25

ಬನ್ನಮ್ಮ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಕಗ್ಗಲಡುವಿನಲ್ಲಿ ಇರ್ತೀವಿ. ನಿಮ್ಮಲ್ಲಿ ಟ್ರೈಪಾಡ್ ಇದ್ದರೆ ತನ್ನಿ, ನಮ್ಮದರ ಒಂದು ಕಾಲು ನಿಲ್ಲಲ್ಲ.